ಒಂದಾದರೂ ಬೀಳಲಿ ಅಂತ

ಮಾರ್ಚ್ 3, ಸೋಮವಾರ

ಬೆಳಿಗ್ಗೆಯೇ ಆಫೀಸ್ ಬಾಗಿಲು ತೆಗೆದೆ. ಫ್ಯಾನ್ ಮತ್ತೆ ಕಿರ್ ಅನ್ನುತ್ತಿದೆ. ಹಳೇ ಕರಪತ್ರ ಕಟ್ಟಿ ಅಟ್ಟಕ್ಕೆ ಹಾಕಿದೆ. ಬ್ಯಾನರ್ ಮಡಚಿದೆ. ಫ್ಲಾಸ್ಕ್ ತೊಳೆದೆ. ಪಕ್ಷ ಕಟ್ಟುವುದು ಅಂದರೆ ಇದು. ಭಾಷಣದಲ್ಲಿ ಯಾರೂ ಹೇಳುವುದಿಲ್ಲ, ಅಷ್ಟೆ.

ಕೇಂದ್ರ ಕಚೇರಿಯಿಂದ ಪತ್ರ. ಚುನಾವಣಾ ಆಯೋಗ ಗರಂ ಆಗಿದೆಯಂತೆ — ಪಕ್ಷಗಳು ಊರಿಗೆಲ್ಲ ಪ್ರಜಾಪ್ರಭುತ್ವ ಬೋಧಿಸುತ್ತವೆ, ತಮ್ಮ ಮನೆಯೊಳಗೆ ಮಾತ್ರ ಇಲ್ಲ ಅಂತ. ತಿಂಗಳ ಕೊನೆಯೊಳಗೆ ಪ್ರತಿ ಶಾಖೆಯಲ್ಲೂ ಅಧ್ಯಕ್ಷರ ಚುನಾವಣೆ ಆಗಬೇಕು. ಗುಪ್ತ ಮತದಾನ. ಕಡೇಪಕ್ಷ ಇಬ್ಬರು ನಿಲ್ಲಬೇಕು. ಇಲ್ಲದಿದ್ದರೆ ನೋಂದಣಿ ರದ್ದು, ನಮ್ಮ ಕೊಡೆ ಚಿಹ್ನೆಯೂ ವಾಪಸ್. ಹೆಸರು ಹೇಳದವರ ದೇಣಿಗೆ ಮುಟ್ಟಬಾರದು ಅಂತಲೂ ಇದೆ.

ದೊಡ್ಡಣ್ಣ ತಮ್ಮ ಕನ್ನಡಕದ ಅಂಗಡಿಗೆ ಹೋಗುವ ಮುಂಚೆ ಬಂದರು, ಎಂದಿನಂತೆ. ಪತ್ರ ಓದಿ ನಕ್ಕರು. ಇಪ್ಪತ್ತು ವರ್ಷದಿಂದ ಅವರೇ ಅಧ್ಯಕ್ಷರು. ಎದುರು ಯಾರೂ ನಿಂತಿಲ್ಲ.

"ಇಷ್ಟು ವರ್ಷ ಚಪ್ಪಾಳೇಲೇ ನಡೀತಲ್ಲಮ್ಮ. ಈಗ ಡಬ್ಬ ಇಡಬೇಕಾ?"

ಚಪ್ಪಾಳೆ ಏನು, ಅದನ್ನೂ ಬರೆಯುವವಳು ನಾನೇ. ಸಭೆಯ ಹಿಂದಿನ ದಿನವೇ ನಡಾವಳಿ ತಯಾರು. 'ಭಾರೀ ಕರತಾಡನದ ನಡುವೆ ಪುನರಾಯ್ಕೆ.' ಕೂಸು ಹುಟ್ಟುವ ಮುಂಚೆ ಕುಲಾವಿ. ಸಭೆಯಲ್ಲಿ ಚಪ್ಪಾಳೆ ಸಪ್ಪಗಿದ್ದರೆ, ನಮ್ಮ ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನವರು ನನ್ನ ಕಡೆ ಬಗ್ಗಿ, "ಅಕ್ಕ, ಭಾರೀ ಅಂತ ಬರ್ದಿದೀರಾ?" ಅಂತ ಕೇಳಿ ಇನ್ನೊಂದು ಸಲ ತಟ್ಟುತ್ತಾರೆ.

ಮಾರ್ಚ್ 6, ಗುರುವಾರ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಯಾರೂ ಇಲ್ಲ. ಪ್ರೆಸ್ಸಿನವರು ಎರಡೂ ಕೈ ಎತ್ತಿದರು — "ಅಣ್ಣನ ಎದುರು ನಾನಾ? ನನ್ನ ಹೆಂಡತಿ ಮನೆಗೇ ಸೇರಿಸಲ್ಲ." ಖಜಾಂಚಿ ಬ್ಯಾಂಕ್ ಮೇಡಂಗೆ ಬಿ.ಪಿ. ಇದೆಯಂತೆ. ಮೊನ್ನೆ ತನಕ ಇರಲಿಲ್ಲ.

ಕೊನೆಗೆ ದೊಡ್ಡಣ್ಣನೇ ನನ್ನ ಕಡೆ ತಿರುಗಿದರು. "ನೀನೇ ನಿಂತ್ಬಿಡಮ್ಮ. ಹೆಸರಿಗೆ ಅಷ್ಟೇ. ಹೇಗೂ ಅರ್ಜಿ ತುಂಬೋಳು ನೀನೇ ತಾನೆ?"

ಎಲ್ಲರಿಗೂ ಹೋದ ಜೀವ ಬಂತು. ಚಪ್ಪಾಳೆ ತಟ್ಟಿದರು. ಹೀಗೆ, ಸೋಲುವ ಅಭ್ಯರ್ಥಿಯಾಗಿ ಸರ್ವಾನುಮತದಿಂದ ಆಯ್ಕೆಯಾದೆ.

ಮನೆಯವರಿಗೆ ಹೇಳಿದೆ. ಬಸ್ ಓಡಿಸಿ ಓಡಿಸಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತಿದೆ. ಪಕ್ಕದ ಮನೆಗೂ ಕೇಳಿಸಿತು. "ಇರಲಾರದೆ ಇರುವೆ ಬಿಟ್ಕೊಂಡ್ರಂತೆ! ಸರಿ, ಸೊನ್ನೆ ಬಿದ್ರೆ?"

ಅದನ್ನು ಯೋಚಿಸಿರಲಿಲ್ಲ.

"ನಿನ್ನ ವೋಟು ನಿನಗೇ ಹಾಕ್ಕೋ."

"ಛೆ, ಅಣ್ಣನ ಎದುರು ನನಗೆ ನಾನೇ ಹಾಕ್ಕೊಳ್ಳೋದಾ?"

"ಹಾಗಾದ್ರೆ ಸೊನ್ನೆ ಗ್ಯಾರಂಟಿ."

ತಮಾಷೆಗೇ ಹೇಳಿದ್ದು. ಆದರೂ ಊಟ ಸೇರಲಿಲ್ಲ.

ಮಾರ್ಚ್ 10, ಸೋಮವಾರ

ಸೊನ್ನೆ ತಲೆಯಿಂದ ಹೋಗುತ್ತಿಲ್ಲ. ಗೆಲ್ಲುವ ಆಸೆ ಯಾರಿಗಿದೆ? ಆದರೆ ಸೊನ್ನೆ... ಇಷ್ಟು ವರ್ಷ ಟೀ ಕೊಟ್ಟಿದ್ದೇನೆ, ಅರ್ಜಿ ಬರೆದುಕೊಟ್ಟಿದ್ದೇನೆ, ಒಬ್ಬೊಬ್ಬರ ಮಕ್ಕಳ ಸ್ಕೂಲ್ ಸೀಟಿಗೆ ಫೋನ್ ಮಾಡಿದ್ದೇನೆ. ಒಂದಾದರೂ ಬೀಳಬಾರದೇ?

ಅಭ್ಯರ್ಥಿಗಳು ಎರಡು ನಿಮಿಷ ಮಾತಾಡಲೇಬೇಕಂತೆ. ಸಭೆಯಲ್ಲಿ ನಾನು ಬಾಯಿ ಬಿಟ್ಟಿದ್ದು "ಟೀ ಬಂತು" ಅನ್ನಲು ಮಾತ್ರ. ದೊಡ್ಡಣ್ಣನ ಭಾಷಣವೆಲ್ಲ ನನ್ನದೇ ಬರವಣಿಗೆ, ನೀರು ಕುಡಿದಷ್ಟು ಸಲೀಸು. ನನ್ನದಕ್ಕೆ ಕೂತರೆ ಒಂದು ಸಾಲೂ ಬರಲಿಲ್ಲ.

ಸಂಜೆ ಬಟ್ಟೆ ಒಣಹಾಕುವಾಗ ಬಂತು. ಒದ್ದೆ ಕೈಯಲ್ಲೇ ಬರೆದೆ. ಸಭೆ ಹಗಲು ಹೊತ್ತು ಬೇಡ, ಸಂಜೆ ಇಡೋಣ, ಕೆಲಸಕ್ಕೆ ಹೋಗುವವರೂ ಬರಲಿ. ಯಾರು ದುಡ್ಡು ಕೊಟ್ಟರೂ ಹೆಸರು ಹಾಕಿ ರಸೀದಿ ಕೊಡೋಣ. ಪಾರ್ಲಿಮೆಂಟ್ ಟಿಕೆಟ್‌ಗೆ ಯಾರ ಹೆಸರು ಕಳಿಸಬೇಕು ಅಂತ ಸದಸ್ಯರನ್ನೂ ಒಂದು ಮಾತು ಕೇಳೋಣ.

ಓದಿ ನೋಡಿದೆ. ಇದೆಲ್ಲ ನನ್ನೊಳಗೆ ಯಾವಾಗ ಸೇರಿಕೊಂಡಿತು? ಕೊನೆಗೆ 'ಎಲ್ಲರೂ ದೊಡ್ಡಣ್ಣನಿಗೇ ಮತ ಹಾಕಿ' ಅಂತ ಸೇರಿಸಿದೆ. ಮರ್ಯಾದೆ ಬೇಡವೇ.

ಮಾರ್ಚ್ 15, ಶನಿವಾರ

ನಾಳೆ ಚುನಾವಣೆ. ನಡಾವಳಿ ಬರೆದಿಟ್ಟೆ, ಅಭ್ಯಾಸಬಲ. 'ದೊಡ್ಡಣ್ಣನವರು ಭಾರೀ ಬಹುಮತದಿಂದ...' ಪ್ರೆಸ್ಸಿನವರು ಅಭಿನಂದನೆಯ ಪೋಸ್ಟರನ್ನೂ ಹೊಡೆದಿಟ್ಟಿದ್ದಾರೆ. ಬಿಸ್ಕತ್ ಡಬ್ಬದ ಮುಚ್ಚಳಕ್ಕೆ ಸೀಳು ಮಾಡಿ ಬಿಳಿ ಕಾಗದ ಅಂಟಿಸಿದೆ. ಬೆರಳು ಕೊಯ್ದುಕೊಂಡೆ.

ಮಾರ್ಚ್ 16, ಭಾನುವಾರ, ಸಂಜೆ

ಬರೆದೇಬಿಡುತ್ತೇನೆ.

ಕೇಂದ್ರ ಕಚೇರಿಯ ವೀಕ್ಷಕರು ಲ್ಯಾಪ್‌ಟಾಪ್ ಹಿಡಿದು ಬಂದರು. ದೊಡ್ಡಣ್ಣ ಮಾತಾಡಿದರು — ನಾನು ಬರೆದದ್ದು. ಆಮೇಲೆ ನಾನು. ಧ್ವನಿ ಮೊದಲ ಬೆಂಚನ್ನೂ ದಾಟಲಿಲ್ಲ. ಹಿಂದಿನ ಬೆಂಚಿನಿಂದ ನಮ್ಮ ಸದಸ್ಯೆ, ಆಸ್ಪತ್ರೆಯ ನರ್ಸ್, "ಅಕ್ಕ, ಜೋರಾಗಿ ಹೇಳಿ" ಅಂದಳು. ಜೋರಾಗಿಯೇ ಹೇಳಿದೆ. 'ದೊಡ್ಡಣ್ಣನಿಗೇ ಮತ ಹಾಕಿ' ಅನ್ನುವ ಕೊನೆಯ ಸಾಲು ಓದುವ ಮೊದಲೇ ಎರಡು ನಿಮಿಷ ಮುಗಿಯಿತು ಅಂತ ವೀಕ್ಷಕರು ಕೂರಿಸಿಬಿಟ್ಟರು.

ಒಬ್ಬೊಬ್ಬರೇ ಪರದೆ ಹಿಂದೆ ಹೋಗಿ ಬಂದರು. ಬರುವಾಗ ಪ್ರತಿಯೊಬ್ಬರೂ ನನ್ನನ್ನು ನೋಡಿ ಒಂಥರಾ ನಕ್ಕರು. ಕರುಣೆಯ ನಗು. ಯಾಕೆ ಅಂತ ಅರ್ಥವಾಗಲಿಲ್ಲ. ನಾನು ದೊಡ್ಡಣ್ಣನಿಗೇ ಹಾಕಿದೆ.

ವೀಕ್ಷಕರು ಚೀಟಿಗಳನ್ನು ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆ ಬೆಳೆಯುತ್ತಲೇ ಹೋಯಿತು. ಅಣ್ಣನದು ಅಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡರು, ಎದ್ದು ನಿಂತು ಅಂಗಿ ಸರಿಮಾಡಿಕೊಂಡರು.

ನನ್ನದು. ಅವರಿಗಿಂತ ಐದು ಜಾಸ್ತಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫ್ಯಾನ್ ಒಂದೇ ಕಿರ್ ಅನ್ನುತ್ತಿತ್ತು. ಎಲ್ಲರೂ ಕಳ್ಳರ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಣ್ಣ ನಿಂತೇ ಇದ್ದರು, ಕೂರುವುದಾ ಹೋಗುವುದಾ ತಿಳಿಯದೆ. "ಒಳ್ಳೇದಾಯ್ತಮ್ಮ" ಅಂದರು. ಚಪ್ಪಲಿ ಅದಲು ಬದಲು ಹಾಕಿಕೊಂಡು ಹೊರಟರು. ನೋಡಲಾಗಲಿಲ್ಲ.

ವೀಕ್ಷಕರು ಸಹಿಗೆ ನಡಾವಳಿ ಕೇಳಿದರು. ಕೊಟ್ಟೆ. ಓದಿ ನನ್ನ ಮುಖ ನೋಡಿದರು. "ಮೇಡಂ, ಇದು ಯಾವಾಗ ಬರೆದಿದ್ದು?" ನೆಲ ಬಾಯಿ ಬಿಡಬಾರದೇ ಅನ್ನಿಸಿತು. 'ದೊಡ್ಡಣ್ಣನವರು ಭಾರೀ ಬಹುಮತದಿಂದ' — ಎಲ್ಲರೆದುರು ನಾನೇ ಹೊಡೆದುಹಾಕಿದೆ.

ಮಾರ್ಚ್ 17, ಸೋಮವಾರ

ಆಫೀಸಿಗೆ ಹೋಗಲಿಲ್ಲ. ಅವರೇ ಬಂದರು, ಒಬ್ಬೊಬ್ಬರಾಗಿ.

ಪ್ರೆಸ್ಸಿನವರು ಮೊದಲು. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಅಣ್ಣ ಹೇಗೂ ಗೆಲ್ತಾರೆ, ನಿಮಗೆ ಪಾಪ ಒಂದಾದ್ರೂ ಬೀಳ್ಲಿ ಅಂತ... ನಾನೊಬ್ಬನೇ ಅಂದ್ಕೊಂಡಿದ್ದೆ."

ಬ್ಯಾಂಕ್ ಮೇಡಂ. "ನಾನೊಬ್ಬಳೇ ಅಂದ್ಕೊಂಡಿದ್ದೆ ಕಣ್ರೀ."

ಮೆಡಿಕಲ್ ಶಾಪಿನವರು. ಅವರೂ ಒಬ್ಬರೇ ಅಂದುಕೊಂಡಿದ್ದರು.

ಮನೆಯವರು ಬಾಗಿಲು ತೆಗೆದು ತೆಗೆದು ಸುಸ್ತಾಗಿ, "ಇನ್ನೆಷ್ಟು ಜನ ಒಬ್ಬೊಬ್ರೇ ಇದಾರೆ?" ಅಂತ ಕೇಳಿದರು. ನಗು ಬರಲಿಲ್ಲ. ಸೊನ್ನೆಯಾದರೆ ಹೇಗಾದರೂ ತಡೆದುಕೊಳ್ಳಬಹುದಿತ್ತು. ಇದು 'ಪಾಪ' ಅಂತ ಎಲೆಗೆ ಬಡಿಸಿದ ಗೆಲುವು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಬ್ಯಾಂಕ್ ಮೇಡಂ ಹೊರಡುವಾಗ ಒಂದು ಕಾಗದ ಇಟ್ಟು ಹೋದರು. 'ಅನಾರೋಗ್ಯದ ನಿಮಿತ್ತ ರಾಜೀನಾಮೆ.' ಸಹಿ ಹಾಕಿದರೆ ಸಾಕು. ದೊಡ್ಡಣ್ಣ ಮತ್ತೆ ಅಧ್ಯಕ್ಷರು, ಆಯೋಗಕ್ಕೆ ಚುನಾವಣೆಯ ಲೆಕ್ಕವೂ ಆಯಿತು. "ಹಾವೂ ಸಾಯಬೇಕು, ಕೋಲೂ ಮುರೀಬಾರದು" ಅಂದರು. ಹಾವು ಯಾರು ಅಂತ ಕೇಳಲಿಲ್ಲ.

ಮಾರ್ಚ್ 19, ಬುಧವಾರ

ಸಹಿ ಹಾಕಿಲ್ಲ. ಯಾಕೆ ಅಂತ ನನಗೇ ಗೊತ್ತಿಲ್ಲ.

ಮಾರ್ಚ್ 21, ಶುಕ್ರವಾರ

ನರ್ಸ್ ಫೋನ್ ಮಾಡಿದಳು, ಡ್ಯೂಟಿ ನಡುವೆ. ಇವಳೂ ಅದನ್ನೇ ಹೇಳುತ್ತಾಳೆ ಅಂತ, "ಗೊತ್ತು ಬಿಡಮ್ಮ, ಒಂದಾದ್ರೂ ಬೀಳ್ಲಿ ಅಂತ ತಾನೆ?" ಅಂದೆ.

"ಇಲ್ಲಪ್ಪ. ಸಂಜೆ ಸಭೆ ಅಂದ್ರಲ್ಲ, ಅದಕ್ಕೆ ಹಾಕ್ದೆ. ಮುಂದಿನ್ದು ಯಾವಾಗ ಹೇಳಿ, ಶಿಫ್ಟ್ ಬದಲಾಯಿಸ್ಕೋಬೇಕು."

ಸಂತೋಷವಾಯಿತು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ — ಈ ಕುರ್ಚಿ ನನಗೆ ಬೇಕು. ನಿಜವಾಗಿ ಬೇಕು. ಆದರೆ ಅಣ್ಣನನ್ನು ಕಳೆದುಕೊಂಡು?

ಮಾರ್ಚ್ 22, ಶನಿವಾರ

ರಾಜೀನಾಮೆ ಕಾಗದ ಬ್ಯಾಗಿಗೆ ಹಾಕಿಕೊಂಡು ಕನ್ನಡಕದ ಅಂಗಡಿಗೆ ಹೋದೆ. ಫ್ರೇಮಿಗೆ ಪುಟ್ಟ ತಿರುಪು ಕೂರಿಸುತ್ತಿದ್ದರು. ತಲೆ ಎತ್ತಲಿಲ್ಲ. ಕೂರಲು ಬೇರೆ ಜಾಗವಿಲ್ಲದೆ ಕಣ್ಣು ಪರೀಕ್ಷೆಯ ಕುರ್ಚಿಯಲ್ಲೇ ಕೂತೆ. ಎದುರಿಗೆ ದೊಡ್ಡದರಿಂದ ಚಿಕ್ಕದಾಗುವ ಅಕ್ಷರಗಳು.

ಕಾಗದ ಮುಂದಿಟ್ಟೆ. ಓದಿದರು. "ಏನು ಅನಾರೋಗ್ಯ?"

"ಏನಿಲ್ಲ ಅಣ್ಣ. ಅವರೆಲ್ಲ ಪಾಪ ಅಂತ ಹಾಕಿದ್ದಂತೆ. ಅದು ವೋಟೇ ಅಲ್ಲ."

"ನೀನು ಯಾರಿಗೆ ಹಾಕ್ದೆ?"

"ನಿಮಗೆ."

"ನಾನು ನಿನಗೆ."

"ಅಣ್ಣಾ!"

"ಸೊನ್ನೆ ಬಂದು ನೀನು ಅತ್ರೆ ಏನ್ ಮಾಡ್ಲಿ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಗುವಿನ ನೀರು ಮಾತ್ರ ಅಲ್ಲ. "ಹೊಟ್ಟೆ ಉರೀತಮ್ಮ. ಸುಳ್ಳು ಯಾಕೆ ಹೇಳ್ಲಿ. ಮನೇಲಿ ಯಾರ ಹತ್ರಾನೂ ಮಾತಾಡ್ಲಿಲ್ಲ. ಆಮೇಲೆ ಯೋಚನೆ ಮಾಡ್ದೆ. ಇಷ್ಟು ವರ್ಷ ನನಗೆ ತಟ್ಟಿದ್ರಲ್ಲ ಚಪ್ಪಾಳೆ, ಅದು ಯಾಕೆ? ಅಣ್ಣನಿಗೆ ಬೇಜಾರಾಗ್ಬಾರ್ದು ಅಂತ. ನಿಂದೂ ಅದೇ, ನಂದೂ ಅದೇ. ನಾನೇನು ರಾಜೀನಾಮೆ ಕೊಟ್ನಾ?"

ಕಾಗದವನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟರು.

"ಆಫೀಸಿಗೆ ಬರ್ತೀರಾ ಅಣ್ಣ?"

"ಈಗ್ಲೇ ಕೇಳ್ಬೇಡ. ಕೋಪ ಇಳೀಲಿ."

ಮಾರ್ಚ್ 30, ಭಾನುವಾರ, ಸಂಜೆ

ನನ್ನ ಮೊದಲ ಸಭೆ. ನರ್ಸ್ ಯೂನಿಫಾರಂನಲ್ಲೇ ಬಂದಳು, ಜೊತೆಗೆ ಇನ್ನಿಬ್ಬರು. ಬೆಂಚು ಸಾಲಲಿಲ್ಲ. ಟೀ ತರಲು ಎದ್ದೆ, ಪ್ರೆಸ್ಸಿನವರು ಫ್ಲಾಸ್ಕ್ ಕಿತ್ತುಕೊಂಡರು. ಅರ್ಧ ಚೆಲ್ಲಿದರು. ಇರಲಿ, ಕಲಿಯುತ್ತಾರೆ.

ನಡಾವಳಿ ಮೊದಲೇ ಬರೆದಿಲ್ಲ. ಖಾಲಿ ಹಾಳೆಯ ಮೇಲೆ ಬರೀ ತಾರೀಕು ಹಾಕಿಟ್ಟೆ.

ರಸೀದಿಯ ವಿಷಯವೇ ಮೊದಲು ಇಟ್ಟೆ. ಆಫೀಸ್ ಬಾಡಿಗೆಗೆ ಪ್ರತಿ ತಿಂಗಳು ದುಡ್ಡಿನ ಲಕೋಟೆ ಕಳಿಸುವ ಕಂಟ್ರಾಕ್ಟರ್, ರಸೀದಿಯಲ್ಲಿ ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾದರೆ ಲಕೋಟೆ ವಾಪಸ್ ಅಂದೆ. ಬ್ಯಾಂಕ್ ಮೇಡಂ ನಿಟ್ಟುಸಿರು ಬಿಟ್ಟರು, ಬಾಡಿಗೆ ಎಲ್ಲಿಂದ ಅಂತ. ನನಗೂ ಗೊತ್ತಿಲ್ಲ. "ಎಲ್ಲರೂ ಒಪ್ಪಿಗೆ ತಾನೆ?" ಅಂತ ಕೇಳಿದೆ. ಅಭ್ಯಾಸದಂತೆ ಕೈಗಳು ಚಪ್ಪಾಳೆಗೆ ಎದ್ದವು.

ಆಗ ಬಾಗಿಲ ಹತ್ತಿರದಿಂದ ಒಂದು ಧ್ವನಿ.

"ಅಧ್ಯಕ್ಷರೇ. ನಂದೊಂದು ಆಕ್ಷೇಪಣೆ ಇದೆ."

ದೊಡ್ಡಣ್ಣ. ಯಾವಾಗ ಬಂದರೋ, ಕೊನೇ ಬೆಂಚಿನ ತುದಿಯಲ್ಲಿ ಕೂತಿದ್ದರು. ಎದ್ದ ಕೈಗಳೆಲ್ಲ ಹಾಗೇ ನಿಂತವು. ನಮ್ಮ ಶಾಖೆಯಲ್ಲಿ ಆಕ್ಷೇಪಣೆ ಅನ್ನುವ ಪದ ಯಾರೂ ಕೇಳಿರಲಿಲ್ಲ. ನಾನೂ ಬರೆದಿರಲಿಲ್ಲ. ನನಗೆ ಖುಷಿಯೋ ಖುಷಿ.

ಪೆನ್ನು ಹಿಡಿದೆ. ಇಪ್ಪತ್ತು ವರ್ಷ ಅವರು ಹೇಳಿದ್ದೆಲ್ಲ ನಾನು ಬರೆದುಕೊಟ್ಟದ್ದು. ಈಗ ಏನು ಹೇಳುತ್ತಾರೋ ಒಂದಕ್ಷರ ಗೊತ್ತಿಲ್ಲ.

"ಹೇಳಿ ಅಣ್ಣ" ಅಂದೆ. "ನಿಧಾನವಾಗಿ ಹೇಳಿ, ಬರ್ಕೋಬೇಕು."

ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೊದಲ ಸಲ ತಮ್ಮದೇ ಮಾತು ಶುರುಮಾಡಿದರು.