ಹುಲಿಗೆಮ್ಮ ಮುಗಿಸದ ಮಾತು

ದಾವಣಗೆರೆ
ನಡುಮಾಸ ೩೧, ೨೨೯೪

ಹರ್ಷಿತಾ ಬಣಕಾರ ಅವರಿಗೆ,

ನಡುಮಾಸ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಬೇಸಿಗೆ ಉದ್ದವಾದಾಗ ನಮ್ಮ ಹಿರಿಯರು ಮೇ, ಜೂನ್‌ಗಳ ನಡುವೆ ಅದನ್ನು ಸೇರಿಸಿದರು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮ ‘ಎದುರು ಮಾತು’ ಕಾರ್ಯಕ್ರಮದಿಂದಲೇ, ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು.

ನಾನು ಇಲ್ಲಿನ ದನಿಮನೆಯ ಪಾಲಕಿ. ಹಳೆಯ ದನಿಗಳನ್ನು ಕಾಪಾಡಿ, ಬಂದವರಿಗೆ ಕೇಳಿಸುವ ಮನೆ ಇದು. ನಿಮ್ಮ ಕಾಲದ ಯೂಟ್ಯೂಬ್‌ನಲ್ಲಿ ಉಳಿದದ್ದು ಬಹಳ ಕಡಿಮೆ. ನಿಮ್ಮ ಕಂತುಗಳು ಹೇಗೋ ಉಳಿದವು. ಜನ ಬುತ್ತಿ ಕಟ್ಟಿಕೊಂಡು ಬಂದು, ನೀವು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ಕೇಳುತ್ತಾರೆ. ಯಾವ ಸರ್ಕಾರವೆಂದು ಅವರಿಗೆ ಗೊತ್ತಿಲ್ಲ, ಆದರೂ ತಲೆದೂಗುತ್ತಾರೆ. ಕೊನೆಯಲ್ಲಿ ‘ಬೆಲ್ ಒತ್ತಿ’ ಎನ್ನುತ್ತೀರಲ್ಲ, ಅದನ್ನು ಬಹುಕಾಲ ಮಂಗಳಾರತಿಯಂಥದ್ದೇನೋ ಎಂದುಕೊಂಡಿದ್ದೆವು.

ನಮ್ಮಲ್ಲಿ ಮಗುವಿಗೆ ಏಳು ತುಂಬಿದ ಮೇಲೆ ಹೆಸರಿಡುತ್ತಾರೆ, ಅದೂ ಹಿಂದಿನವರೊಬ್ಬರ ಹೆಸರು. ಅಲ್ಲಿಯವರೆಗೆ ಮರಿ, ಪುಟ್ಟಿ ಎಂದೇ ನಡೆಯುತ್ತದೆ. ಆದರೆ ಯಾರ ಹೆಸರಿಡಬೇಕೋ ಆ ವ್ಯಕ್ತಿಯ ಒಂದಾದರೂ ಮಾತನ್ನು ಮಗು ಅವರದೇ ದನಿಯಲ್ಲಿ ಪೂರ್ತಿ ಕೇಳಿರಬೇಕು. ಅರ್ಧ ಮಾತಿಗೆ ಹೆಸರು ದಕ್ಕುವುದಿಲ್ಲ.

ಕಳೆದ ವರ್ಷ ಪ್ರಮೋದಿನಿ ಎಂಬಾಕೆ ಮಗಳನ್ನು ಕರೆತಂದು, ತಮ್ಮ ಮನೆತನದ ಹಿರಿಯಜ್ಜಿ ಹುಲಿಗೆಮ್ಮನ ದನಿ ಕೇಳಿಸಿ ಎಂದಳು. ಹುಲಿಗೆಮ್ಮ ನಿಮ್ಮೂರಿನ ಪೌರಕಾರ್ಮಿಕ ಮಹಿಳೆ. ಗುತ್ತಿಗೆಯವರನ್ನು ಕಾಯಂ ಮಾಡಬೇಕೆಂದು ನೀವು ಕಂತಿನ ಮೇಲೆ ಕಂತು ಮಾಡಿದಿರಿ, ನಿಮ್ಮ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ. ಆ ಎಲ್ಲ ಕಂತುಗಳ ಪೈಕಿ ಒಂದರಲ್ಲಿ ಮಾತ್ರ ಆಕೆ ಫೋನಿನಲ್ಲಿ ಬರುತ್ತಾಳೆ.

“ಅಕ್ಕಾರೆ, ಕಾಯಂ ಮಾಡೋದು ಇರ್ಲಿ, ಅದಕ್ಕಿಂತ ಮೊದ್ಲು ನಮಗೇನ್ ಬೇಕಾಗೈತಿ ಅಂದ್ರ...”

“ಒಂದ್ನಿಮಿಷ ಹುಲಿಗೆಮ್ಮ, ಮಂತ್ರಿಗಳು ಏನಂದ್ರು ಅಂತ ಮೊದ್ಲು ನೋಡ್ಕೊಂಡ್ ಬರೋಣ,” ಎನ್ನುತ್ತೀರಿ ನೀವು.

ಮಂತ್ರಿಯ ಭಾಷಣದ ತುಣುಕು ಬರುತ್ತದೆ. ನೀವು ಅವರ ಚಳಿ ಬಿಡಿಸುತ್ತೀರಿ, ನಾವೆಲ್ಲ ನಗುತ್ತೇವೆ, ಅಷ್ಟರಲ್ಲಿ ಕಂತು ಮುಗಿಯುತ್ತದೆ. ಆ ಮಂತ್ರಿಯ ಪಕ್ಷದವರು ಕೂಡಿಟ್ಟ ಭಾಷಣಗಳೆಲ್ಲ ಅಳಿದುಹೋಗಿವೆ. ಗೇಲಿ ಮಾಡಲೆಂದು ನೀವು ಪದೇ ಪದೇ ತೋರಿಸಿದ ತುಣುಕಿನಲ್ಲಿ ಮಾತ್ರ ಮಂತ್ರಿಯ ಮಾತು ಪೂರ್ತಿಯಾಗಿ ಉಳಿದಿದೆ. ನಮ್ಮ ಬೀದಿಯ ಇಬ್ಬರು ಹುಡುಗರಿಗೆ ಅವರ ಹೆಸರಿದೆ.

ನಿಯಮ ಸ್ವಲ್ಪ ಸಡಿಲಿಸಿ ಎಂದು ಪ್ರಮೋದಿನಿ ಬೇಡಿಕೊಂಡಳು. ನಾನು ಒಪ್ಪಿಬಿಡುತ್ತಿದ್ದೆನೇನೋ, ಮಗುವೇ ಬೇಡವೆಂದಿತು: “ಅಜ್ಜಿಗೆ ಏನ್ ಬೇಕಾಗಿತ್ತು ಅಂತ್ಲೇ ಗೊತ್ತಿಲ್ಲ, ಅವಳ ಹೆಸ್ರು ನಾನ್ ಹೆಂಗ್ ಇಟ್ಕಳ್ಳಿ?” ಯಾರ ಪರವನ್ನೂ ವಹಿಸದಿರುವುದು ನನ್ನ ಕೆಲಸ. ಅಂದು ಮಾತ್ರ ನಿಮ್ಮ ಮೇಲೆ ನನಗೆ ಸಿಟ್ಟು ಬಂತು.

ಹಿಂದಿನ ಕಾಲಕ್ಕೆ ಪತ್ರ ಕಳಿಸುವ ನಮ್ಮ ಲೆಕ್ಕ ಸರಿಯಿದ್ದರೆ ಇದು ಆ ಕಂತಿನ ದಿನ ಮಧ್ಯಾಹ್ನ, ಹುಲಿಗೆಮ್ಮನ ಫೋನ್ ಬರುವ ಮೊದಲೇ, ನಿಮ್ಮ ಕೈಸೇರುತ್ತದೆ. ಮಂತ್ರಿಯ ತುಣುಕನ್ನು ಬೇಕಾದರೆ ಆಮೇಲೆ ಹಾಕಿಕೊಳ್ಳಿ. ಹುಲಿಗೆಮ್ಮ ತಡವರಿಸಿದರೆ ಕಾಯಿರಿ. ನಿಮ್ಮ ವಾದಕ್ಕೆ ಹೊಂದದ್ದನ್ನು ಹೇಳಿದರೂ ಹೇಳಲಿ, ಪೂರ್ತಿ ಹೇಳಲಿ. ಪುಟ್ಟಿಗೆ ಎಂಟು ತುಂಬುತ್ತಾ ಬಂತು, ಅವಳಿಗೆ ಇನ್ನೂ ಹೆಸರಿಲ್ಲ.

ಕಮಲಾಬಿ
ದನಿಮನೆಯ ಪಾಲಕಿ