ಅರ್ಡಿತ್ ಹೆಸರಿನ ಗೂಡುಪೆಟ್ಟಿಗೆ

ಓಹಾಯೋ, ಮೇ ತಿಂಗಳು

ಉದ್ಯಾನ ಸಮಿತಿಯ ಮಿಸೆಸ್ ಹಾಲಿಸ್ ಅವರಿಗೆ,

ನನ್ನ ಹೆಂಡತಿ ಅರ್ಡಿತ್‌ಳ ನೆನಪಿಗೆಂದು ನೀವು, ಅವಳು ನೀಲಿಹಕ್ಕಿಗಳಿಗೆಂದು ಇಟ್ಟಿದ್ದ ಗೂಡುಪೆಟ್ಟಿಗೆಯ ಪಕ್ಕದಲ್ಲೇ ಲೈಲಾಕ್ ಹೂವಿನ ಪೊದೆ ನೆಟ್ಟು, ರೆನ್ ಎಂಬ ಪುಟ್ಟ ಹಕ್ಕಿಗೊಂದು ಗೂಡುಪೆಟ್ಟಿಗೆ ತೂಗುಹಾಕಿದ್ದೀರಿ. ಅವಳು ಪ್ರತಿ ವಸಂತದ ಸಭೆಯಲ್ಲೂ ಹೇಳುತ್ತಿದ್ದಳಲ್ಲ: "ನೀಲಿಹಕ್ಕಿ ಗೂಡಿನ ಹತ್ರ ಪೊದೆ ಬೇಡ ಕಣ್ರೇ! ಪೊದೆ ಇದ್ರೆ ರೆನ್ ಬರುತ್ತೆ. ಅದು ಹೆಬ್ಬೆರಳಷ್ಟಿದೆ, ಆದ್ರೆ ಅಕ್ಕಪಕ್ಕದವರನ್ನ ಬಾಳೋಕೆ ಬಿಡಲ್ಲ." "ಇಷ್ಟು ಪುಟ್ಟ ಹಕ್ಕಿಗೆ ಹೆದರ್ತೀಯೇನೇ?" ಎಂದು ನೀವೇ ನಕ್ಕಿದ್ದಿರಿ.

ಇಂದು ಬೆಳಿಗ್ಗೆ ಅವಳ ಪೆಟ್ಟಿಗೆಯ ಕೆಳಗೆ ನೀಲಿ ಮೊಟ್ಟೆಗಳೆಲ್ಲ ಕೊಕ್ಕಿನ ಏಟಿಗೆ ತೂತಾಗಿ ಬಿದ್ದಿದ್ದವು. ಒಳಗೆ ರೆನ್ ತನ್ನ ಗೂಡಿಗೆ ಕಡ್ಡಿಗಳನ್ನು ತುಂಬಿಸಿತ್ತು. ಹೆಣ್ಣು ನೀಲಿಹಕ್ಕಿ ಹೊರಟುಹೋಗಿದೆ. ಗಂಡು ಮಾತ್ರ ತನ್ನ ಜೊತೆಗಾತಿಗೆಂದು ಹುಳು ಕಚ್ಚಿಕೊಂಡು ಬಂದು, ಪೆಟ್ಟಿಗೆಯ ಬಾಗಿಲಲ್ಲಿ ಇಣುಕುತ್ತಿದೆ.

ರೆನ್ ಮೇಲೆ ನನಗೆ ಸಿಟ್ಟಿಲ್ಲ. ಅದರ ಸ್ವಭಾವವೇ ಅದು. ಲೈಲಾಕನ್ನು ನಾನೇ ಅಗೆದು ಅವಳ ಸಮಾಧಿಯ ಬಳಿ ನೆಡುತ್ತೇನೆ. ನೀವು ಹಾಕಿದ ಪೆಟ್ಟಿಗೆಯನ್ನು ಇಳಿಸಿಬಿಡಿ. ಅದಕ್ಕೂ ಮೊದಲು, ದಯವಿಟ್ಟು, ಅದರ ಮೇಲಿರುವ ಅವಳ ಹೆಸರನ್ನು ತೆಗೆಯಿರಿ.

ನಿಮ್ಮ ನೆರೆಯವ,
ವೆಂಡೆಲ್ ಕ್ರೌಸ್