ನನಗೆ ಗೊತ್ತಿದ್ದ ಸ್ಟಾಪು

ಒಂಬತ್ತನೇ ಕೋಣೆ, ಕಿಟಕಿ ಪಕ್ಕದ ಮಂಚ
ತಾ. 14, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಸಿದರೆ ಕಡ್ಡಿ ತೂರಿಸಿ ಕೆರೆಯಬೇಡ, ಗಾಯವಾದೀತು. ಬಲ್ಬು ಹಾಕಲು ಏಣಿ ಹತ್ತುವ ಮೊದಲು ಕೆಳಗೆ ಹಿಡಿದುಕೊಳ್ಳಲು ಅಳಿಯನನ್ನು ಕರೆಯಬಾರದಿತ್ತೇ? ಆತುರದಲ್ಲಿ ನೀನು ನಿನ್ನಮ್ಮನ ಮಗಳೇ ಸರಿ. ಈಗ ಅಪ್ಪ ಒಂದು ಊರಿನಲ್ಲಿ, ಮಗಳು ಇನ್ನೊಂದು ಊರಿನಲ್ಲಿ ಮಂಚ ಹಿಡಿದದ್ದಾಯಿತು. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಈ ಕಾಗದ. ಮಲಗಿಕೊಂಡೇ ಬರೆದು ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ. ಹೇಗೋ ಹೊಂದಿಸಿಕೊಂಡು ಓದು.

ನಾನು ಎಲ್ಲಿದ್ದೇನೆಂದು ನನಗೆ ಗೊತ್ತಿಲ್ಲ ಎಂದು ನೀವಿಬ್ಬರೂ ನಂಬಿದ್ದೀರಿ. "ಇದು ಮೈಗೆ ಶಕ್ತಿ ತುಂಬೋ ಆಸ್ಪತ್ರೆ. ಸ್ವಲ್ಪ ತೂಕ ಬರಲಿ, ಆಮೇಲೆ ಆಪರೇಶನ್" ಎಂದು ನನ್ನ ಕಿವಿಗೆ ಹೂವಿಟ್ಟು ನಿನ್ನಮ್ಮ ಕರೆತಂದಳು. ಅಲ್ಲಮ್ಮಾ, ಇದೇ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಈ ಹಳದಿ ಗೇಟಿನ ಮುಂದಿನ ಸ್ಟಾಪು ನನಗೆ ಗೊತ್ತಿಲ್ಲವೇ? ಕಾಯಿಲೆಯವರ ಜೊತೆ ಮನೆಯ ತಲೆದಿಂಬು ಹಿಡಿದು ಇಲ್ಲಿ ಇಳಿಯುತ್ತಿದ್ದವರು, ಕೆಲವು ದಿನದ ಮೇಲೆ ಅದೇ ದಿಂಬು ಅವುಚಿಕೊಂಡು ಒಬ್ಬರೇ ಹತ್ತುತ್ತಿದ್ದರು. ಅವರು ಕೂರುವ ತನಕ ನಾನು ಗೇರು ಹಾಕುತ್ತಿರಲಿಲ್ಲ. ಮೊನ್ನೆ ಕಾರು ಈ ಗೇಟಿನೊಳಗೆ ತಿರುಗಿದಾಗ ನಿನ್ನಮ್ಮನ ಮಡಿಲಲ್ಲಿ ನನ್ನ ದಿಂಬಿತ್ತು.

ಹೆದರಬೇಡ, ಇದು ಒಳ್ಳೆಯ ಜಾಗ. ದೊಡ್ಡಾಸ್ಪತ್ರೆಯಲ್ಲಿ ಸಿಕ್ಕಸಿಕ್ಕಲ್ಲಿ ಸೂಜಿ ಚುಚ್ಚಿದರು. ಇಲ್ಲಿ ಕಾಯಿಲೆಯ ತಂಟೆಗೇ ಹೋಗುವುದಿಲ್ಲ, ನೋವು ಏಳುವ ಮೊದಲೇ ಔಷಧಿ ಕೊಡುತ್ತಾರೆ. ಊಟ ಬೇಡವೆಂದರೆ ಬಲವಂತವಿಲ್ಲ. ನಿನ್ನೆ ಬಿಸಿನೀರಿನಲ್ಲಿ ತಲೆ ತೊಳೆದರು. ಎಷ್ಟು ಹಾಯೆನಿಸಿತೆಂದರೆ ಅಲ್ಲೇ ನಿದ್ದೆ ಹೋದೆ. ನರ್ಸಮ್ಮ ನನಗಿಂತ ಹೆಚ್ಚಾಗಿ ನಿನ್ನಮ್ಮನನ್ನೇ ವಿಚಾರಿಸುತ್ತಾಳೆ, ಊಟ ಆಯಿತಾ, ನಿದ್ದೆ ಬಂತಾ ಎಂದು. ಯಾಕಮ್ಮಾ ಎಂದರೆ, "ಅವರೂ ನಮ್ಮ ಪೇಶಂಟೇ ಅಲ್ವಾ ಯಜಮಾನ್ರೇ" ಎಂದಳು. ನನಗೆ ಇನ್ನೆಷ್ಟು ದಿನವೆಂದು ಅವಳನ್ನೇ ಕೇಳಿದೆ. ಸುಳ್ಳು ಹೇಳಲಿಲ್ಲ. ಮಂಚದ ಅಂಚಿನಲ್ಲಿ ಕೂತು, "ಜಾಸ್ತಿ ಇಲ್ಲ. ಮನಸ್ಸಲ್ಲಿ ಇರೋದನ್ನ ಮನೆಯವರ ಹತ್ರ ಈಗಲೇ ಮಾತಾಡ್ಬಿಡಿ" ಎಂದಳು.

ಕಷ್ಟ ಇರುವುದು ಅಲ್ಲೇ. ನಾನು ಬಾಯಿ ತೆರೆದರೆ ಸಾಕು, ನಿನ್ನಮ್ಮ "ಬಿಡ್ತು ಅನ್ನಿ" ಎಂದು ಗದರುತ್ತಾಳೆ. ಆಪರೇಶನ್ ಆದ ಮೇಲೆ ನಡೆದಾಡಲೆಂದು ಹೊಸ ಚಪ್ಪಲಿ ತಂದು ಮಂಚದ ಕೆಳಗಿಟ್ಟಿದ್ದಾಳೆ. ನಾನೂ ಕಾಲಿಗೆ ಹಾಕಿ, ಅಳತೆ ಸರಿಯಾಗಿದೆ ಎಂದೆ. ಅಷ್ಟಕ್ಕೇ ಎದ್ದು ಹೊರಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಮುಖ ತೊಳೆದು, ಒರೆಸಿಕೊಂಡು, ನಗುತ್ತ ಬಂದಳು. ದಿನಾ ಇದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅವಳು ಅತ್ತಿಲ್ಲ, ನಾನು ನೋಡಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಕೊನೆಯ ನಾಲ್ಕು ದಿನ ನಾಟಕ ಆಡಿಕೊಂಡು ಕಳೆಯುತ್ತಿದ್ದೇವಲ್ಲ, ನನಗೆ ಸಾವಿಗಿಂತ ಇದೇ ಹೆಚ್ಚು ಸಂಕಟ. ಅವಳ ಕೈ ಹಿಡಿದು, ನಾನು ಹೊರಟಿದ್ದೇನೆ, ನಿನ್ನಿಂದ ನನ್ನ ಬಾಳು ಚೆನ್ನಾಗಿತ್ತು ಎಂದು ಹೇಳಬೇಕು. ಅವಳು ನಲ್ಲಿಯ ಹತ್ತಿರ ಅಲ್ಲ, ನನ್ನ ಹತ್ತಿರ ಅಳಬೇಕು.

ನಿನ್ನ ಕಾಲು ಸರಿಯಾಗುವ ತನಕ ಕಾದಿರುತ್ತೇನೆಂದು ಮಾತು ಕೊಡಲಾರೆ ಗುಬ್ಬೀ. ಬರಲಾಗಲಿಲ್ಲವೆಂದು ಕೊರಗಬೇಡ. ಶಾಲೆಗೆ ಹೋಗುವಾಗ ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ವಟವಟ ಅನ್ನುತ್ತಿದ್ದೆಯಲ್ಲ, ಅದನ್ನು ನೆನೆಯುತ್ತ ಮಲಗಿರುತ್ತೇನೆ. ಅಳಿಯನಿಗೆ ನನ್ನ ಆಶೀರ್ವಾದ. ಆ ಏಣಿಯನ್ನು ಅಟ್ಟಕ್ಕೆ ಹಾಕಲು ಹೇಳು. ನೂರು ವರ್ಷ ನೆಟ್ಟಗೆ ನಡೆದಾಡಿಕೊಂಡಿರು.

ಇಂತಿ,
ನಿನ್ನ ಅಪ್ಪ

ವಿ.ಸೂ.: ಲಕೋಟೆಗೆ ಗೋಂದು ಹಚ್ಚುತ್ತಿಲ್ಲ. ಅಂಚೆ ಡಬ್ಬಿಗೆ ಹಾಕಲು ನಿನ್ನಮ್ಮನ ಕೈಗೇ ಕೊಡುತ್ತೇನೆ. ನಮ್ಮ ಮನೆಯ ಒಂದು ಕಾಗದವೂ ಅವಳು ಓದದೆ ಡಬ್ಬಿ ಸೇರಿಲ್ಲವೆಂದು ನಿನಗೆ ಗೊತ್ತಲ್ಲ. ಕೇಳಿದರೆ "ಕಣ್ಣು ಬಿತ್ತು ಅಷ್ಟೇ" ಅನ್ನುತ್ತಾಳೆ. ಹೊರಗಿನ ಬೆಂಚಿನ ಮೇಲೆ ಕೂತು ಈ ಸಾಲನ್ನೂ ಓದುತ್ತಾಳೆ. ಇವಳೇ, ಓದಿದ್ದು ಸಾಕು. ಮುಖ ತೊಳೆಯಬೇಡ. ಹಾಗೇ ಒಳಗೆ ಬಾ.